ಒಂದೇ ಜೀನ್ ಬದಲಿಸಿದ್ರೂ ಎಲ್ಲಾ ಹಣ್ಣಿನ ನೊಣದ ಆಯಸ್ಸು ಯಾಕ ಹೆಚ್ಚಾಗಂಗಿಲ್ಲ?

ಯಾಕಂದ್ರ ಯಾವ ಜೀನೂ ಒಂಟಿಯಾಗಿ ಕೆಲಸ ಮಾಡಂಗಿಲ್ಲ, ಒಂದರ ಪರಿಣಾಮ ಇನ್ನೊಂದು ಹೆಂಗೈತಿ ಅನ್ನೋದರ ಮ್ಯಾಲೆ ನಿಂತಿರತೈತಿ. ಕೊಳೆತ ಬಾಳಿಹಣ್ಣಿನ ಮ್ಯಾಲೆ ಕೂಡೋ ಕೆಂಪು ಕಣ್ಣಿನ ಸಣ್ಣ ನೊಣ ಐತಲ್ಲ, ಅದರಾಗ ಚಿಕೋ ಅನ್ನೋ ಜೀನ್ ಕೆಟ್ರ ಇನ್ಸುಲಿನ್ ಸಿಗ್ನಲ್ ಕಮ್ಮಿ ಆಗಿ ನೊಣ ಗಿಡ್ಡ ಆಗತೈತಿ, ಆದ್ರ ಆಯಸ್ಸು 48% ತನಕ ಹೆಚ್ಚಾಗತೈತಿ ಅಂತ 2001ರಾಗ ಗೊತ್ತಾತು. ಸಿಗ್ನಲ್ ತಗ್ಗಿದಾಗ ಫಾಕ್ಸೋ ಅನ್ನೋ ಪ್ರೋಟೀನ್ ಜೀವಕೋಶದ ನ್ಯೂಕ್ಲಿಯಸ್ ಒಳಗ ಹೋಗಿ ರಿಪೇರಿ ಮಾಡೋ ಜೀನ್‌ಗಳನ್ನ ಚಾಲೂ ಮಾಡತೈತಿ, ಅದೇ ಗುಟ್ಟು. ತುಂಗಭದ್ರಾ ಎಡದಂಡೆ ಕಾಲುವಿಗೆ ಡ್ಯಾಮಿನಿಂದ ನೀರು ಬಿಟ್ರೂ ನಡುವಿನ ಗೇಟ್ ಬಂದ್ ಇದ್ರ ನಮ್ಮ ರಾಯಚೂರು ಕಡೆ ಟೇಲ್ ಎಂಡ್ ಹೊಲಕ್ಕ ಮುಟ್ಟಂಗಿಲ್ಲಲ್ಲ, ಹಂಗ ಫಾಕ್ಸೋ ಜೀನೇ ಇಲ್ಲದ ನೊಣದಾಗ ಇನ್ಸುಲಿನ್ ರಿಸೆಪ್ಟರ್ (ಇನ್ಸುಲಿನ್ ಸಿಗ್ನಲ್ ಹಿಡಿಯೋ ಪ್ರೋಟೀನ್) ಜೋರು ತಗ್ಗಿಸಿದ್ರೂ ಆಯಸ್ಸು ಹೆಚ್ಚಾಗಂಗಿಲ್ಲ.