ನಮ್ಮ ಅಕ್ಷಾಂಶಕ್ಕೆ ಇಕ್ವಟೋರಿಯಲ್ ಮೌಂಟ್ ಬೇಡ, ಬಡಗಿಯ ಹತ್ತಿರ ಹೋಗಿ

130/900 ನ್ಯೂಟೋನಿಯನ್ ಟ್ಯೂಬ್ (130 ಎಂಎಂ ಕನ್ನಡಿ, 900 ಎಂಎಂ ಫೋಕಲ್ ದೂರದ ದೂರದರ್ಶಕ), ಕೆಳಗೆ ಗಡಗಡ ಅಲ್ಲಾಡುವ ಇಕ್ಯೂ-1 ಅನ್ನುವ ಪುಟ್ಟ ಇಕ್ವಟೋರಿಯಲ್ ಮೌಂಟ್, ಕೈಯಲ್ಲಿ 15 ಸಾವಿರ ರೂಪಾಯಿ, ದಾವಣಗೆರೆಯ ತಾರಸಿ. ಇದಕ್ಕೆ ಯಾವ ಇಕ್ವಟೋರಿಯಲ್ ಮೌಂಟ್, ಅಂದರೆ ಆಕಾಶ ತಿರುಗುವ ಹಾಗೇ ದೂರದರ್ಶಕವನ್ನು ತಿರುಗಿಸುವ ಸ್ಟ್ಯಾಂಡ್, ತಗೊಳ್ಳಲಿ ಅಂತ ಕೇಳಿದ್ದೀರಿ. ಇದೇ ಟ್ಯೂಬು, ಇದೇ ಮೌಂಟು ನನ್ನ ಹತ್ತಿರವೂ ಇತ್ತು. ಊರು ಮಾತ್ರ ಬೆಂಗಳೂರು. ಯಾವುದನ್ನೂ ತಗೋಬೇಡಿ ಅನ್ನೋದೇ ನನ್ನ ಉತ್ತರ.

ಫೋಕಸ್ ನಾಬ್ ಮುಟ್ಟಿದರೆ ಸಾಕು, ಶನಿ ಕುಣಿಯೋಕೆ ಶುರುವಾಗುತ್ತಿತ್ತು. ಕೈ ತೆಗೆದ ಮೇಲೂ ಐದಾರು ಸೆಕೆಂಡು ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಗ್ರಹ ಜರುಗಿರುತ್ತದೆ, ಟ್ಯೂಬ್ ಜರುಗಿಸೋಕೆ ಮತ್ತೆ ಕೈ ಹಾಕಬೇಕು. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಒಳಗೆ ತಳ್ಳಿದೆ. ನಡುವೆ ನೀರು ತುಂಬಿದ ಕ್ಯಾನ್ ನೇತುಹಾಕಿದೆ. ಅಲುಗಾಟ ಸ್ವಲ್ಪ ಕಡಿಮೆಯಾಯಿತು, ಆದರೆ ಗ್ರಹ ನೋಡೋಕೆ ಅದು ಸಾಲಲಿಲ್ಲ.

ಆಮೇಲೆ ದಪ್ಪ ಕಾಲಿನ, ಮೋಟಾರಿರುವ ಒಂದು ಇಕ್ವಟೋರಿಯಲ್ ಮೌಂಟ್ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಕೊಳ್ಳುವಾಗ ನೋಡಿದ್ದು ಒಂದೇ ವಿಷಯ, ಎಷ್ಟು ಕೆಜಿ ಹೊರುತ್ತೆ ಅಂತ. ಟ್ಯೂಬ್ ಸುಮಾರು 4 ಕೆಜಿ, ಮೌಂಟ್ ಅದಕ್ಕಿಂತ ಜಾಸ್ತಿ ಹೊರುತ್ತದೆ, ಸರಿ ಅಂದುಕೊಂಡೆ. ನಮ್ಮ ಊರಿನ ಅಕ್ಷಾಂಶ ಎಷ್ಟು, ಆ ಅಕ್ಷಾಂಶದಲ್ಲಿ ಈ ಮೌಂಟ್ ಹೇಗೆ ನಿಲ್ಲುತ್ತದೆ ಅಂತ ಯೋಚಿಸಲೇ ಇಲ್ಲ. ದುಡ್ಡು ಹೋದದ್ದು ಅಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅಂಗಡಿಯವರು ಹೇಳುವುದಿಲ್ಲ, ವಿದೇಶದವರ ವಿಡಿಯೋಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ.

ಇಕ್ವಟೋರಿಯಲ್ ಮೌಂಟಿನ ಒಂದು ಅಕ್ಷ ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು. ಆ ಅಕ್ಷ ನೆಲದಿಂದ ಎಷ್ಟು ಮೇಲೆದ್ದಿರಬೇಕು ಅನ್ನೋದನ್ನು ನಿಮ್ಮೂರಿನ ಅಕ್ಷಾಂಶ ತೀರ್ಮಾನಿಸುತ್ತದೆ. ಲಂಡನ್ನಿನಲ್ಲಿ 51 ಡಿಗ್ರಿ. ಬೆಂಗಳೂರಿನಲ್ಲಿ 13. ನಿಮ್ಮ ದಾವಣಗೆರೆಯಲ್ಲಿ ಹದಿನಾಲ್ಕೂವರೆ. ಬೀದರಿಗೆ ಹೋದರೂ 18 ದಾಟುವುದಿಲ್ಲ. ಅಂದರೆ ಇಲ್ಲಿ ಆ ಅಕ್ಷ ಹೆಚ್ಚುಕಮ್ಮಿ ಮಲಗಿಬಿಡುತ್ತದೆ. ಲಂಡನ್ನಿನವರ ಮೌಂಟಿನಲ್ಲಿ ಕೌಂಟರ್‌ವೇಟಿನ (ಟ್ಯೂಬಿಗೆ ಎದುರುತೂಕವಾಗಿ ಹಾಕುವ ಗುಂಡಿನ) ಸರಳು ಕೆಳಗಿಳಿದಾಗ ಟ್ರೈಪಾಡಿನಿಂದ ದೂರ, ಹೊರಗಡೆಗೆ ಚಾಚಿಕೊಂಡಿರುತ್ತದೆ. ಇಲ್ಲಿ ಅದೇ ಸರಳು ಹೆಚ್ಚುಕಮ್ಮಿ ನೆಟ್ಟಗೆ ಕೆಳಗೆ ಬರುತ್ತದೆ. ಅಲ್ಲಿ ಏನಿದೆ? ಟ್ರೈಪಾಡಿನ ಉತ್ತರದ ಕಾಲು.

ಅದೂ ಯಾವಾಗ ಬರುತ್ತದೆ ಗೊತ್ತಾ? ಪೂರ್ವದಲ್ಲಿ ಆಗಷ್ಟೇ ಮೇಲೆದ್ದ ಗ್ರಹ ನೋಡುವಾಗ, ಇಲ್ಲಾ ಪಶ್ಚಿಮದಲ್ಲಿ ಇಳಿಯುತ್ತಿರುವ ಶುಕ್ರನನ್ನು ನೋಡುವಾಗ. ಗುರು ಮೇಲೆ ಬರಲಿ ಅಂತ ಕಾದು, ಟ್ಯೂಬನ್ನು ಆ ಕಡೆ ತಿರುಗಿಸಿದರೆ, ಠಣ್ ಅಂತ ತೂಕದ ಗುಂಡು ಕಾಲಿಗೆ ಬಡಿಯುತ್ತಿತ್ತು. ತೂಕವನ್ನು ಸರಳಿನ ಮೇಲಕ್ಕೆ ಸರಿಸಿದರೆ ಟ್ಯೂಬಿಗೆ ಸಮತೋಲ ಇಲ್ಲ. ಟ್ರೈಪಾಡನ್ನೇ ತಿರುಗಿಸಿ ಎರಡು ಕಾಲಿನ ನಡುವೆ ಉತ್ತರ ಬರುವ ಹಾಗೆ ಇಡೋಣ ಅಂದರೆ, ಮೌಂಟನ್ನು ಉತ್ತರಕ್ಕೆ ನಿಲ್ಲಿಸುವ ಗೂಟ ಒಂದು ಕಾಲಿನ ನೆತ್ತಿಗೇ ಕೂತಿತ್ತು. ತೆಗೆಯೋಕೆ ಬರುತ್ತಿರಲಿಲ್ಲ. ಕೆಲವು ಮೌಂಟುಗಳಂತೂ ನಮ್ಮ ಅಕ್ಷಾಂಶದಷ್ಟು ಕೆಳಗೆ ಬಾಗುವುದೇ ಇಲ್ಲ. ಕೊಂಡೇ ತೀರುತ್ತೇನೆ ಅನ್ನುವವರು ಮೊದಲು ಮೌಂಟಿನ ಮೇಲಿರುವ ಅಕ್ಷಾಂಶದ ಅಳತೆಪಟ್ಟಿ ಎಷ್ಟು ಡಿಗ್ರಿಯಿಂದ ಶುರುವಾಗುತ್ತದೆ ನೋಡಬೇಕು.

ಇದು ಅಗ್ಗದ ಮೌಂಟಿನ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ತಮಿಳುನಾಡಿನ ಕಾವಲೂರಿನಲ್ಲಿ 2.34 ಮೀಟರ್‌ನ ವೇಣು ಬಾಪ್ಪು ದೂರದರ್ಶಕ ಇದೆ, ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನದ್ದು. ಆ ಜಾಗದ ಅಕ್ಷಾಂಶ ಹನ್ನೆರಡೂವರೆ. ಅಲ್ಲಿ ಕೌಂಟರ್‌ವೇಟ್ ಸರಳಿನ ಮಾದರಿಯನ್ನು ಇಟ್ಟಿಲ್ಲ. ದೂರದರ್ಶಕವನ್ನು ಒಂದು ಚೌಕಟ್ಟಿನೊಳಗೆ ಕೂರಿಸಿ, ಉತ್ತರದ ತುದಿಗೆ ಕುದುರೆ ಲಾಳದ ಆಕಾರದ ಬೇರಿಂಗ್ ಕೊಟ್ಟಿದ್ದಾರೆ. ಕಡಿಮೆ ಅಕ್ಷಾಂಶಕ್ಕೆ ಅದೇ ಹೊಂದುತ್ತದೆ ಅಂತ. ಅವರೇ ಇಷ್ಟು ಯೋಚಿಸಿರುವಾಗ, ನಾವು ಹೆಚ್ಚು ಅಕ್ಷಾಂಶದ ದೇಶಗಳಿಗೆ ಮಾಡಿದ ಮೌಂಟನ್ನು ತಂದು ಇಲ್ಲಿ ನಿಲ್ಲಿಸೋದು ಯಾಕೆ?

ಇನ್ನೂ ಎರಡು ಕಷ್ಟ ಇವೆ. ಧ್ರುವ ನಕ್ಷತ್ರ ನಮಗೆ ಕಾಣೋದೇ ಅಪರೂಪ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ದಿಗಂತದಿಂದ ಅದಕ್ಕಿಂತ ಒಂಚೂರು ಮೇಲೆ ಅಷ್ಟೇ ಆ ನಕ್ಷತ್ರ. ನನಗೆ ಅಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕ್ ಇತ್ತು. ಆಮೇಲೆ ನ್ಯೂಟೋನಿಯನ್‌ನಲ್ಲಿ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಟ್ಯೂಬಿನ ಪಕ್ಕದಲ್ಲಿರುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಿದರೆ ಅದು ಒಮ್ಮೆ ತಲೆ ಮೇಲೆ, ಒಮ್ಮೆ ಟ್ಯೂಬಿನ ಅಡಿ. ಪ್ರತಿ ಸಲ ಟ್ಯೂಬ್ ಹಿಡಿದಿರುವ ಉಂಗುರ ಸಡಿಲಿಸಿ ಟ್ಯೂಬ್ ತಿರುಗಿಸಬೇಕು. ಮಕ್ಕಳಿಗೆ ತೋರಿಸುವಾಗ ಇದು ಸಾಕುಸಾಕು ಅನ್ನಿಸಿಬಿಡುತ್ತದೆ.

ಹಾಗಾಗಿ ಡಾಬ್ಸೋನಿಯನ್ ಪೆಟ್ಟಿಗೆ ಮಾಡಿಸಿಕೊಳ್ಳಿ. ಜಾನ್ ಡಾಬ್ಸನ್ ಅಂತ ಒಬ್ಬರಿದ್ದರು, ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದವರು. 1967ರಲ್ಲಿ ಆಶ್ರಮ ಬಿಟ್ಟ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಫುಟ್‌ಪಾತಿನಲ್ಲಿ ದೂರದರ್ಶಕ ಇಟ್ಟು ಹೋಗಿಬರುವವರಿಗೆಲ್ಲ ಆಕಾಶ ತೋರಿಸಿದರು. ಪ್ಲೈವುಡ್ ಪೆಟ್ಟಿಗೆ, ಎಡಬಲ ಒಂದು ತಿರುಗು, ಮೇಲೆಕೆಳಗೆ ಒಂದು ತಿರುಗು, ಅಷ್ಟೇ ಅವರ ಮೌಂಟ್. ಧ್ರುವ ನಕ್ಷತ್ರ ಬೇಡ, ಕೌಂಟರ್‌ವೇಟ್ ಬೇಡ, ಅಕ್ಷಾಂಶದ ಗೊಡವೆಯೇ ಇಲ್ಲ.

ನಮ್ಮ ಬೀದಿಯ ಬಡಗಿ ನನ್ನದನ್ನು ಮಾಡಿಕೊಟ್ಟರು. 18 ಎಂಎಂ ಪ್ಲೈವುಡ್. ಟ್ಯೂಬಿನ ಸುತ್ತ ಒಂದು ಚೌಕ ಪೆಟ್ಟಿಗೆ, ಮೇಲೆಕೆಳಗೆ ತಿರುಗೋಕೆ ಅದರ ಎರಡು ಪಕ್ಕಕ್ಕೆ 160 ಎಂಎಂ ಪಿವಿಸಿ ಪೈಪಿನ ಎಂಡ್ ಕ್ಯಾಪ್. ಆ ಕ್ಯಾಪುಗಳು ಐಪೀಸ್ ಹಾಕಿದ ಟ್ಯೂಬ್ ಸಮತೋಲದಲ್ಲಿ ನಿಲ್ಲುವ ಜಾಗಕ್ಕೇ ಬರಬೇಕು. ಅದನ್ನು ಹೊರುವ ಮೂರು ಹಲಗೆಯ ತೊಟ್ಟಿಲು, ಅದರಡಿ ನೆಲದ ಹಲಗೆ, ನಡುವೆ ಒಂದು ಬೋಲ್ಟು. ಟೆಫ್ಲಾನ್ ತುಂಡುಗಳನ್ನು ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ತಂದೆ. ದಾವಣಗೆರೆಯಲ್ಲಿ ಬೇರಿಂಗ್, ಗ್ಯಾಸ್ಕೆಟ್ ಮಾರುವ ಅಂಗಡಿಯಲ್ಲಿ ಕೇಳಿ ನೋಡಿ.

ಇಡೀ ಮೌಂಟಿನ ಜೀವ ಇರುವುದು ತಿರುಗುವ ಜಾಗದಲ್ಲಿ. ತೊಟ್ಟಿಲಿನ ತಳಕ್ಕೆ ಸನ್‌ಮೈಕಾ ಅಂಟಿಸಿ, ನೆಲದ ಹಲಗೆಗೆ ಮೂರು ಟೆಫ್ಲಾನ್ ತುಂಡು ಹಾಕಬೇಕು. ಬಡಗಿ ಹೊಳೆಯುವ ಸನ್‌ಮೈಕಾ ಚೆನ್ನಾಗಿರುತ್ತೆ ಅಂತಾರೆ, ಒಪ್ಪಬೇಡಿ. ಹೊಳಪಿನದ್ದು ಅಂಟಿಕೊಂಡು ಆಮೇಲೆ ಫಕ್ಕನೆ ಜಾರುತ್ತದೆ. ಬೆರಳಾಡಿಸಿದರೆ ತರಿತರಿ ಅನ್ನಿಸುವುದನ್ನೇ ಕೇಳಿ. ಅದರ ಮೇಲೆ ಟೆಫ್ಲಾನ್ ಬೆರಳ ತುದಿಯಲ್ಲಿ ತಳ್ಳಿದಷ್ಟೇ ಜರುಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಟೆಫ್ಲಾನಿಗೆ ಹಾಕುವ ಸ್ಕ್ರೂ ತಲೆ ಮೇಲ್ಮೈಯಿಂದ ಕೆಳಗೆ ಹುದುಗಿರಬೇಕು, ಇಲ್ಲದಿದ್ದರೆ ಸನ್‌ಮೈಕಾ ಗೀರುತ್ತದೆ. ಮೂರು ತುಂಡು ಕೆಳಗಿನ ಮೂರು ಪಾದಗಳ ನೇರ ಮೇಲೇ ಬರಲಿ, ಆಗ ಹಲಗೆ ಬಾಗುವುದಿಲ್ಲ. ಈಗ ಟ್ಯೂಬಿಗೆ ತಟ್ಟಿದರೆ ಒಂದು ಸೆಕೆಂಡಿನಲ್ಲಿ ಚಿತ್ರ ನಿಂತಿರುತ್ತದೆ. ಖರ್ಚು ಆ ಮೌಂಟಿನ ಕಾಲು ಭಾಗವೂ ಆಗಲಿಲ್ಲ.

ಮೋಟಾರ್ ಇಲ್ಲದೆ ಗ್ರಹ ಓಡಿಹೋಗಲ್ವಾ ಅಂತ ಕೇಳಬಹುದು. 10 ಎಂಎಂ ಐಪೀಸಿನಲ್ಲಿ ನಿಮಗೆ 90 ಪಟ್ಟು ಸಿಗುತ್ತದೆ, ಗುರು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋಕೆ ಸುಮಾರು ಎರಡು ನಿಮಿಷ ತಗೊಳ್ಳುತ್ತಾನೆ. ಆಗೊಮ್ಮೆ ಈಗೊಮ್ಮೆ ತಳ್ಳಿದರೆ ಸಾಕು. ಚಂದ್ರನ ಫೋಟೋ ಮೊಬೈಲಿನಲ್ಲೇ ಬರುತ್ತದೆ. ನೀಹಾರಿಕೆಗಳ ಫೋಟೋ ತೆಗೆಯಬೇಕು ಅಂತಿದ್ದರೆ ಮಾತ್ರ ಇಕ್ವಟೋರಿಯಲ್ ಬೇಕು. ಅದಕ್ಕೆ 15 ಸಾವಿರ ಸಾಲದು, ಈ ಟ್ಯೂಬೂ ಸರಿಯಲ್ಲ. ಅಂಗಡಿಯ ಸಾದಾ ಆಲ್ಟ್-ಅಜಿಮತ್ (ಎಡಬಲ, ಮೇಲೆಕೆಳಗೆ ತಿರುಗುವ) ಟ್ರೈಪಾಡುಗಳೂ ಬೇಡ, 900 ಎಂಎಂ ಟ್ಯೂಬಿಗೆ ಆ ಕಾಲುಗಳೂ ಅಲ್ಲಾಡುತ್ತವೆ.

ಟ್ಯೂಬಿನ ಹೊರ ವ್ಯಾಸ ಎಷ್ಟು, ಐಪೀಸ್ ಮತ್ತು ಗುರಿ ಹಿಡಿಯುವ ಫೈಂಡರ್ ಹಾಕಿದಾಗ ಕನ್ನಡಿಯ ತುದಿಯಿಂದ ಎಷ್ಟು ದೂರದಲ್ಲಿ ಅದು ಸಮತೋಲಕ್ಕೆ ಬರುತ್ತದೆ, ಎರಡನ್ನೂ ಅಳೆದು ಕೆಳಗೆ ಬರೆಯಿರಿ. ಹಲಗೆಗಳ ಅಳತೆ ಲೆಕ್ಕ ಹಾಕಿ ಕೊಡುತ್ತೇನೆ, ಬಡಗಿಗೆ ಹಾಗೇ ತೋರಿಸಬಹುದು.