ಗ್ಲೈಡರ್ ಹಾರಿಸುವವರು ಹದ್ದುಗಳ ಹಿಂದೆ ಹೋಗ್ತಾರಂತೆ, ನಿಜವಾ? ಡಿಕ್ಕಿ ಆಗಲ್ವಾ?

ದುರ್ಗದ ಕೋಟೆ ಮೇಲೆ ನಿಂತು ಹದ್ದುಗಳನ್ನು ನೋಡುವಾಗ ಈ ಪ್ರಶ್ನೆ ಬಂತು ಅಂತ ಬರೆದಿದ್ದೀರಿ. ಓದಿ ಖುಷಿಯಾಯಿತು. ನಾನೂ ಚಿತ್ರದುರ್ಗದವನೇ. ಪುಣೆಯಲ್ಲಿ ಕೆಲಸದಲ್ಲಿದ್ದಾಗ ಹಡಪ್ಸರ್‌ನಲ್ಲಿ ಗ್ಲೈಡಿಂಗ್ ಕಲಿತೆ. ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಹೇಳುತ್ತೇನೆ.

ಹಿಂದೆ ಹೋಗುವುದು ನಿಜ. ಆದರೆ ಹದ್ದು ನಮಗಾಗಿ ದಾರಿ ತೋರಿಸುವುದಿಲ್ಲ. ಅದು ತನ್ನ ಪಾಡಿಗೆ ತಾನು ಹಾರುತ್ತಿರುತ್ತದೆ. ಅದನ್ನು ನೋಡಿ ಗಾಳಿ ಎಲ್ಲಿ ಏರುತ್ತಿದೆ ಅಂತ ತಿಳಿದುಕೊಳ್ಳುವುದು ನಮ್ಮ ಕೆಲಸ. ಅದಕ್ಕೆ ಜಾಗ ಬಿಡುವುದೂ ನಮ್ಮದೇ ಕೆಲಸ.

ಗ್ಲೈಡರ್‌ಗೆ ಎಂಜಿನ್ ಇರುವುದಿಲ್ಲ. ವಿಂಚ್‌ನಿಂದಲೋ (ನೆಲದ ಮೇಲಿದ್ದು ಹಗ್ಗ ಸುತ್ತಿ ಎಳೆಯುವ ಯಂತ್ರ) ಇನ್ನೊಂದು ವಿಮಾನದಿಂದಲೋ ಎಳೆಸಿಕೊಂಡು ಮೇಲೆ ಹೋಗಿ ಹಗ್ಗ ಬಿಟ್ಟ ಮೇಲೆ ಅದು ಇಳಿಯುತ್ತಲೇ ಇರುತ್ತದೆ. ಮತ್ತೆ ಏರಬೇಕಾದರೆ ಸುತ್ತಲಿನ ಗಾಳಿಯೇ ಏರುತ್ತಿರಬೇಕು. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಆ ಗಾಳಿಗೆ ನಾವು ಥರ್ಮಲ್ ಅನ್ನುತ್ತೇವೆ. ಒಳ್ಳೆಯ ಥರ್ಮಲ್‌ನಲ್ಲಿ ಗಾಳಿ ಸೆಕೆಂಡಿಗೆ 2-3 ಮೀಟರ್ ಮೇಲೆ ಹೋಗುತ್ತಿರುತ್ತದೆ. ಕಷ್ಟ ಏನೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಹದ್ದು ಕಾಣುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಇದನ್ನು ನೆಲದ ಮೇಲೆ ನಿಂತೇ ನೋಡಬಹುದು. ಬೇಸಿಗೆಯಲ್ಲಿ ದಾವಣಗೆರೆಯಿಂದ ಜಗಳೂರು ಕಡೆ ಹೋಗುವಾಗ ಗಮನಿಸಿ. ಭದ್ರಾ ನಾಲೆಯ ನೀರು ನಿಂತ ಭತ್ತದ ಗದ್ದೆ ಮೇಲೆ ಹದ್ದುಗಳು ಗಿರಕಿ ಹೊಡೆಯುವುದು ಕಡಿಮೆ. ಒದ್ದೆ ನೆಲ ಬೇಗ ಕಾಯುವುದಿಲ್ಲ, ಬಿಸಿಲೆಲ್ಲ ನೀರು ಆವಿಯಾಗುವುದಕ್ಕೇ ಹೋಗುತ್ತದೆ. ಒಣ ಹೊಲಗಳು ಶುರುವಾದ ಮೇಲೆ ನೋಡಿ. ಉತ್ತು ಬಿಟ್ಟ ಎರೆ ಹೊಲ, ಬೋಳು ಬಂಡೆ, ಊರಿನ ತಗಡಿನ ಶೆಡ್ಡುಗಳು. ಹದ್ದು ಸುತ್ತುವುದು ಇಂಥ ಕಡೆ. ಹೊಲದಲ್ಲಿ ಧೂಳು ಎಬ್ಬಿಸಿಕೊಂಡು ಓಡುವ ಸುಂಟರಗಾಳಿ ಇದೆಯಲ್ಲ, ಎಷ್ಟೋ ಸಲ ಅದು ಥರ್ಮಲ್‌ನ ಬುಡವೇ ಆಗಿರುತ್ತದೆ. ಇನ್ನು ದುರ್ಗದ ಬಂಡೆಗಳಂತೂ ಹತ್ತು ಗಂಟೆಗೆಲ್ಲ ಕಾದು ಕುಳಿತಿರುತ್ತವೆ.

ಹದ್ದು ಕಂಡ ಕೂಡಲೇ ಅತ್ತ ತಿರುಗಿಸುವುದಿಲ್ಲ. ರೆಕ್ಕೆ ಬಡಿಯುತ್ತಿದ್ದರೆ ಅಲ್ಲಿ ಏರುಗಾಳಿ ಇಲ್ಲ ಅಂತ ಲೆಕ್ಕ. ನೇರವಾಗಿ ಹೋಗುತ್ತಿದ್ದರೆ ಅದೂ ಹುಡುಕುತ್ತಿದೆ. ರೆಕ್ಕೆ ಚಾಚಿ, ಒಂದೇ ಕಡೆ ವಾಲಿ, ಸುತ್ತು ಸುತ್ತಿಗೂ ಮೇಲೆ ಹೋಗುತ್ತಿದ್ದರೆ ಮಾತ್ರ ನಂಬಬಹುದು. ಗುಂಪು ಇದ್ದರೆ ಎಲ್ಲಕ್ಕಿಂತ ಬೇಗ ಏರುತ್ತಿರುವುದು ಯಾವುದು ಅಂತ ನೋಡುತ್ತೇವೆ. ಥರ್ಮಲ್‌ನ ನಡು ಅದರ ಹತ್ತಿರ ಇರುತ್ತದೆ.

ಆದರೆ ಆ ನಡುವನ್ನು ನಾವು ಹದ್ದಿನಷ್ಟು ಚೆನ್ನಾಗಿ ಬಳಸಲಾರೆವು. ಹದ್ದು ನಿಧಾನವಾಗಿ ಹಾರುವುದರಿಂದ ಸುಮಾರು 50 ಮೀಟರ್ ಅಗಲದಲ್ಲೇ ಒಂದು ಸುತ್ತು ಮುಗಿಸುತ್ತದೆ. ಗ್ಲೈಡರ್ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಚೆನ್ನಾಗಿ ವಾಲಿದರೂ 150 ಮೀಟರ್ ಬೇಕು. ಸೈಕಲ್ಲು ತಿರುಗುವ ಸಂದಿಯಲ್ಲಿ ಬಸ್ಸು ತಿರುಗಿಸಿದ ಹಾಗೆ. ಅದಕ್ಕೇ ಸಣ್ಣ ಥರ್ಮಲ್‌ನಲ್ಲಿ ಹದ್ದು ಸರಸರ ಏರಿ ಹೋಗುತ್ತದೆ, ನಾವು ಅಂಚಿನಲ್ಲಿ ಒದ್ದಾಡುತ್ತೇವೆ. ನೇರ ಹಾರಾಟದಲ್ಲಿ ಮಾತ್ರ ನಮ್ಮದು ಮೇಲುಗೈ. ಒಳ್ಳೆಯ ಗ್ಲೈಡರ್ 1 ಕಿಲೋಮೀಟರ್ ಇಳಿಯುವಷ್ಟರಲ್ಲಿ 40 ಕಿಲೋಮೀಟರ್ ಮುಂದೆ ಹೋಗುತ್ತದೆ. ಯಾವ ಹಕ್ಕಿಯೂ ಅದರ ಹತ್ತಿರ ಬರುವುದಿಲ್ಲ.

ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ ಇದೆ. ಅವೂ ನಮ್ಮನ್ನು ನೋಡುತ್ತಿರುತ್ತವೆ! ನಾವು ಚೆನ್ನಾಗಿ ಏರುತ್ತಿದ್ದರೆ ಪಕ್ಕದ ಬಡ ಥರ್ಮಲ್ ಬಿಟ್ಟು ಹದ್ದುಗಳು ನಮ್ಮ ಕಡೆ ಬರುತ್ತವೆ. ಗ್ಲೈಡರ್ ಒಳಗೆ ಗಾಳಿಯ ಸುಯ್ ಸದ್ದು ಬಿಟ್ಟರೆ ಏನೂ ಇಲ್ಲ. ರೆಕ್ಕೆಯ ತುದಿಯಾಚೆ ಒಂದು ಹದ್ದು ಜೊತೆಗೇ ಸುತ್ತುತ್ತಿರುತ್ತದೆ. ಮೈ ವಾಲಿದ್ದರೂ ತಲೆ ಮಾತ್ರ ಅಲುಗದೆ ಮಟ್ಟವಾಗಿ ನಿಂತಿರುತ್ತದೆ. ಕವಲು ಬಾಲ ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಎಡಕ್ಕೆ ಬಲಕ್ಕೆ ತಿರುಚುತ್ತಲೇ ಇರುತ್ತದೆ. ರೆಕ್ಕೆ ತುದಿಯ ಗರಿಗಳು ಬೆರಳಿನಂತೆ ಬಿಡಿಬಿಡಿಯಾಗಿ ಮೇಲಕ್ಕೆ ಬಾಗಿರುತ್ತವೆ. ಉದುರಿದ ಗರಿಯ ಜಾಗದಲ್ಲಿ ಆಕಾಶ ಕಾಣುತ್ತದೆ. ನಡುವೆ ಒಮ್ಮೆ ಕತ್ತು ಹೊರಳಿಸಿ ನಮ್ಮನ್ನು ನೋಡುತ್ತದೆ, ಮತ್ತೆ ತನ್ನ ಕೆಲಸಕ್ಕೆ ಹೋಗುತ್ತದೆ.

ಈಗ ಡಿಕ್ಕಿಯ ವಿಷಯ. ಅಪರೂಪ, ಆದರೆ ಆಗುತ್ತದೆ. ಹದ್ದು ಒಂದು ಕಿಲೋ ಕೂಡ ತೂಗುವುದಿಲ್ಲ. ಆದರೂ ಆ ವೇಗದಲ್ಲಿ ಪೈಲಟ್ ತಲೆ ಮೇಲಿನ ಕ್ಯಾನೊಪಿಗೆ, ಅಂದರೆ ಪಾರದರ್ಶಕ ಮುಚ್ಚಳಕ್ಕೆ, ಬಡಿದರೆ ಅದು ಒಡೆಯಬಹುದು. ಹಕ್ಕಿ ಸಾಯುವುದಂತೂ ಖಂಡಿತ. ಥರ್ಮಲ್‌ನಲ್ಲಿ ಮೊದಲು ಇದ್ದವರು ಯಾವ ಕಡೆ ಸುತ್ತುತ್ತಾರೋ ಆಮೇಲೆ ಬಂದವರೂ ಅದೇ ಕಡೆ ಸುತ್ತಬೇಕು ಅನ್ನುವುದು ಗ್ಲೈಡರ್‌ಗಳ ನಿಯಮ. ಹಕ್ಕಿ ಇದ್ದಾಗಲೂ ನಾನು ಅದನ್ನೇ ಪಾಲಿಸುತ್ತೇನೆ. ಇನ್ನೊಂದು ಮಾತನ್ನು ಕಲಿಸಿದವರು ಮತ್ತೆ ಮತ್ತೆ ಹೇಳುತ್ತಿದ್ದರು: ಹಕ್ಕಿಯ ಕೆಳಗೆ ನುಗ್ಗಬೇಡ. ಹೆದರಿದ ಹದ್ದು ಸಾಮಾನ್ಯವಾಗಿ ರೆಕ್ಕೆ ಮಡಚಿ ಕೆಳಕ್ಕೆ ಬೀಳುತ್ತದೆ, ಅಲ್ಲಿ ನಾವಿದ್ದರೆ ಮುಗಿಯಿತು.

ರಣಹದ್ದುಗಳ ಹತ್ತಿರ ಇನ್ನೂ ಜಾಸ್ತಿ ಎಚ್ಚರ ಬೇಕು. ನಮ್ಮ ಕಡೆಯ ಉದ್ದ ಕೊಕ್ಕಿನ ರಣಹದ್ದೇ ಐದಾರು ಕಿಲೋ ತೂಗುತ್ತದೆ. 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಅವು ಆಹಾರ ಹುಡುಕಲು ತಲೆ ಬಗ್ಗಿಸಿ ಹಾರುವಾಗ ಎದುರಿಗಿರುವುದೇ ಅವಕ್ಕೆ ಕಾಣುವುದಿಲ್ಲ. ಕಣ್ಣಿನ ಮೇಲಿನ ಹುಬ್ಬಿನಂಥ ಮೂಳೆ ಅಡ್ಡ ಬರುತ್ತದೆ. ಅಷ್ಟು ತೀಕ್ಷ್ಣ ಕಣ್ಣಿನ ಹಕ್ಕಿ ನಮ್ಮನ್ನು ನೋಡಿಯೇ ಇರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಬೇಸರದ ಮಾತೆಂದರೆ ಈ ಎಚ್ಚರ ನಮ್ಮಲ್ಲಿ ಈಗ ಹೆಚ್ಚು ಕಡೆ ಬೇಕಾಗುವುದೇ ಇಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಸತ್ತ ದನಗಳನ್ನು ತಿಂದ ಭಾರತದ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚನ್ನು ಕೊಂದಿತು. 2006ರಲ್ಲಿ ನಿಷೇಧ ಬರುವಷ್ಟರಲ್ಲಿ ತಡವಾಗಿತ್ತು. ನಮ್ಮ ರಾಜ್ಯದಲ್ಲಿ ಅವುಗಳಿಗಾಗಿ ರಾಮದೇವರ ಬೆಟ್ಟದಲ್ಲಿ ಒಂದು ಧಾಮ ಉಳಿದಿದೆ.

ಹದ್ದು ದಾಳಿ ಮಾಡುವುದಿಲ್ಲವಾ ಅಂದರೆ, ಆಸ್ಟ್ರೇಲಿಯಾದ ದೊಡ್ಡ ಗಿಡುಗಗಳು ಗೂಡಿನ ಕಾಲದಲ್ಲಿ ಪ್ಯಾರಾಗ್ಲೈಡರ್‌ಗಳ ಬಟ್ಟೆಯ ರೆಕ್ಕೆಯನ್ನು ಹರಿದದ್ದಿದೆ. ನಮ್ಮ ಹದ್ದುಗಳು ನನ್ನ ತಂಟೆಗೆ ಬಂದಿಲ್ಲ.

ನಮ್ಮ ಜಿಲ್ಲೆಯಲ್ಲೂ ಎಂಜಿನ್ ಇಲ್ಲದೆ ಇಳಿದದ್ದು ಒಂದಿದೆ, ಗೊತ್ತಲ್ವಾ? 2023ರ ಏಪ್ರಿಲ್ 2ರಂದು ಇಸ್ರೋ ಮತ್ತೆ ಮತ್ತೆ ಬಳಸಲೆಂದು ಮಾಡುತ್ತಿರುವ ತನ್ನ ರೆಕ್ಕೆಯ ಬಾಹ್ಯಾಕಾಶ ವಾಹನದ ಮಾದರಿಯನ್ನು ಹೆಲಿಕಾಪ್ಟರ್‌ನಲ್ಲಿ 4.5 ಕಿಲೋಮೀಟರ್ ಮೇಲೆ ಒಯ್ದು ಬಿಟ್ಟಿತು. ಅದು ತೇಲಿಕೊಂಡು ಬಂದು ಚಳ್ಳಕೆರೆ ಬಳಿಯ ರನ್‌ವೇಯಲ್ಲಿ ತಾನಾಗಿಯೇ ಇಳಿಯಿತು. ಬಿಟ್ಟದ್ದು ಬೆಳಿಗ್ಗೆ 7 ಗಂಟೆ ದಾಟಿದ ಮೇಲೆ. ಆ ಹೊತ್ತಿಗೆ ನೆಲ ಕಾದಿರುವುದಿಲ್ಲ, ಹದ್ದುಗಳು ಇನ್ನೂ ಮರದ ಮೇಲೇ ಇರುತ್ತವೆ.

ತೇರು ಎಳೆಯುವಾಗ ಗರುಡ ಬಂದು ಸುತ್ತು ಹಾಕಲಿ ಅಂತ ಎಷ್ಟೋ ಊರಲ್ಲಿ ಕಾಯುತ್ತೇವೆ. ಬೇಸಿಗೆಯ ಜಾತ್ರೆ, ಮಟಮಟ ಮಧ್ಯಾಹ್ನ, ಕಾದ ಬಯಲು. ಥರ್ಮಲ್ ಜೋರಾಗಿರುವ ಹೊತ್ತೇ ಅದು. ಇದು ಗೊತ್ತಾದ ಮೇಲೂ ನಾನು ಕೈ ಮುಗಿಯುತ್ತೇನೆ.

ನೀವು ಮತ್ತೆ ಕೋಟೆಗೆ ಹೋದರೆ ಬೆಳಿಗ್ಗೆ ಹತ್ತರ ಸುಮಾರಿಗೆ ತುಪ್ಪದ ಕೊಳದ ಬತ್ತೇರಿ ಹತ್ತಿ, ಬೈನಾಕ್ಯುಲರ್ ಇದ್ದರೆ ಒಯ್ಯಿರಿ. ಅಲ್ಲಿಂದ ಹದ್ದಿನ ಬೆನ್ನು ಕಾಣುತ್ತದೆ, ನಾವು ಗ್ಲೈಡರ್‌ನಿಂದ ನೋಡುವ ಹಾಗೆಯೇ. ಒಂದೇ ಹದ್ದನ್ನು ಹಿಡಿದು ಹತ್ತು ನಿಮಿಷ ನೋಡಿ. ಎಲ್ಲಿ ರೆಕ್ಕೆ ಬಡಿಯುವುದನ್ನು ನಿಲ್ಲಿಸಿತು, ಅದರ ಕೆಳಗೆ ಬಂಡೆ ಇತ್ತೋ ಗಿಡ ಇತ್ತೋ ಗಮನಿಸಿ, ಇಲ್ಲೇ ಬರೆಯಿರಿ.