ಬೇವಿನ ಬೀಜ ಫ್ರಿಜ್ಜಿನ್ಯಾಗ ಇಡಬ್ಯಾಡ್ರಿ, ಓಕ್ ಲೆಕ್ಕ ಬ್ಯಾರೆ
ಬಾಗಲಕೋಟಿ ಅಣ್ಣಾರ, ಮೇ ಕಡೀಕ ಗಿಡದ ಬುಡಕ ಬಿದ್ದ ಬೇವಿನ ಹಣ್ಣು ಬಳದು ತಂದು, ಪತ್ರಾಸಿನ ಮ್ಯಾಲ ಒಣಗಿಸಿ, ತಂಪು ದೇಶದ ಓಕ್ ಅನ್ನೂ ಗಿಡದ ಬೀಜದ ವಿಡಿಯೊ ನೋಡಿ ಪ್ಲಾಸ್ಟಿಕ್ ಚೀಲ ಕಟ್ಟಿ ಎರಡು ತಿಂಗಳ ಫ್ರಿಜ್ಜಿನ್ಯಾಗ ಇಟ್ಟೀರಿ. ಈಗ ನೂರಕ್ಕ ಹತ್ತೂ ಹುಟ್ಟಿಲ್ಲ ಅಂದ್ರ ಬೀಜದ ತಪ್ಪಲ್ಲ ಬಿಡ್ರಿ. ಪ್ರತಿ ಸಲ ಈ ಗುಂಪಿನ್ಯಾಗ ಯಾರರೆ ಒಬ್ರು ಇದನ್ನ ಮಾಡತಾರ.

ವಿಡಿಯೊ ಖರೇನ, ಆದ್ರ ಅದು ಅಮೆರಿಕಾದ ಕೆಂಪು ಓಕ್ ಗುಂಪಿನ ಮಾತು. ಅದಕ್ಕ ಹಸಿ ಮರಳಿನ್ಯಾಗ 1ರಿಂದ 4 ಡಿಗ್ರಿ ತಂಪು ವಾರಗಟ್ಟಲೆ ಸಿಕ್ಕರನ ನಿದ್ದಿ ಬಿಡತೈತಿ. ಚಳಿಗಾಲ ಬೆಚ್ಚಗಾದ ಕಡೆ ಆ ತಂಪು ಸಾಲದ ಮೊಳಕಿ ಹಿಂದ ಮುಂದ ಆಗತೈತಿ. ಬಿಳಿ ಓಕ್‌ಗೆ ತಂಪ ಬ್ಯಾಡ, ಬಿದ್ದ ಕೂಡ್ಲೆ ಬೇರು ಬಿಡತೈತಿ. ಒಣಗಿದ್ರ ಮಾತ್ರ ಎರಡೂ ಸಾಯತಾವ. ಬೇವಿಗೆ ಆ ನಿದ್ದೀನ ಇಲ್ಲ, ಫ್ರಿಜ್ ಯಾಕ? ತೇವ ಇದ್ದ ಬೇವಿನ ಬೀಜ 10 ಡಿಗ್ರಿಗಿಂತ ಕೆಳಗ ಇಟ್ರ ತಂಪಿಗೇ ಒಳಗಿಂದ ಕೆಡತೈತಿ. ಪೂರ್ತಿ ಒಣಗಿದ್ದನ್ನ ಕೊರಿಯೂ ತಣ್ಣೀರಿನ್ಯಾಗ ನೆನಸಿದ್ರೂ ಅದ ಗತಿ.

ನಮ್ಮ ಕಡೆ ಹೊಡತ ಬೀಳೂದು ಹಣ್ಣು ಉದುರೂದಕ್ಕೂ ಮಿರಗದ ಮಳಿಗೂ ನಡುವ. ಬ್ಯಾಸಗಿ ಖಾರ ಆದಷ್ಟು ಹಣ್ಣು ಲಗೂನ ಬೀಳತಾವ, ಮಳಿ ಮಾತ್ರ ತನ್ನ ಮನಸಿಗೆ ಬಂದಾಗ ಬರತೈತಿ. ಗಾಳಿ 41-42 ಡಿಗ್ರಿ ಇದ್ದಾಗ ಎರಿ ನೆಲದ ಮೈ 50 ದಾಟತೈತಿ, ಪತ್ರಾಸ್ ಇನ್ನೂ ಮ್ಯಾಲ. ತಿರುಳು ಹುಳತು ಕಾದು, ಒಳಗಿನ ಬೀಜ ಬೆಂದಂಗ ಆಗತೈತಿ. ಹತ್ತು ಬೀಜ ಒಡದು ನೋಡ್ರಿ: ಬ್ಯಾಳಿ ಹಸರು ಇದ್ರ ಜೀವ ಐತಿ. ಕಂದು ತಿರಗಿದ್ರ ಬಿತ್ತಬ್ಯಾಡ್ರಿ, ಬೂಸ್ಟು ಇರದಿದ್ರ ಬೆಳಿಗೆ ಹೊಡಿಯೂ ಕಷಾಯಕ್ಕ ಹಾಕ್ರಿ.

ಹಣ್ಣು ಗಿಡದ ಮ್ಯಾಲಿಂದನ ಇಳಸಬೇಕು, ಹಸರು ಹೋಗಿ ಹಳದಿ ತಿರಗಾಕ ಹತ್ತಿದಾಗ. ಹಳೇ ಸೀರಿ ಹಾಸಿ ಕೊಂಬಿ ಅಲಗಾಡಸ್ರಿ. ಅವತ್ತ, ಭಾಳ ಅಂದ್ರ ಮರುದಿನ, ಎರಡು ತಾಸು ನೆನಸಿ, ದಪ್ಪ ಮರಳು ಹಾಕಿ ತಿಕ್ಕಿ, ತಿರುಳಿನ ಜಿಗಟ ಹೋಗೂತನ ತೊಳೀರಿ, ತೇಲಿದ್ದು ಚೆಲ್ರಿ. ಜಿಗಟ ಉಳದ್ರ ಬೂಸ್ಟು ಗ್ಯಾರಂಟಿ. ಆಮ್ಯಾಲ ನೆರಳಾಗ ಗೋಣಿ ಚೀಲದ ಮ್ಯಾಲ ತೆಳ್ಳಗ ಹರವಿ ಎರಡ್ಮೂರು ದಿನ. ಖಡಕ್ ಒಣಗಸಬ್ಯಾಡ್ರಿ. ವಾರದೊಳಗ ಬಿತ್ರಿ, ಎರಡು ವಾರ ಕಡೀ ಗಡುವು. ಇಡೂದ ಆದ್ರ ಗಾಳಿ ಆಡೂ ಗೋಣಿ ಚೀಲ, ಮನಿಯಾಗಿನ ತಂಪು ಮೂಲಿ. ಪ್ಲಾಸ್ಟಿಕ್ ಅಂತೂ ಮುಟ್ಟಬ್ಯಾಡ್ರಿ. ಮತ್ತ ಮಳಿ ಕಾಯಬ್ಯಾಡ್ರಿ, ಸಸಿ ಚೀಲದಾಗ ಬಿತ್ತಿ ಕೈಲೆ ನೀರು ಕೊಡ್ರಿ.

5×8 ಇಂಚಿನ ಚೀಲ, ಎರಡು ಪಾಲು ಮಸಾರಿ ಮಣ್ಣು, ಒಂದು ಮರಳು, ಒಂದು ಕಳತ ತಿಪ್ಪಿ ಗೊಬ್ಬರ. ಬರೇ ಎರಿ ಮಣ್ಣು ತುಂಬಿದ್ರ ಮ್ಯಾಲ ಗಟ್ಟಿ ಪದರ ಕಟ್ಟಿ ಮೊಳಕಿ ಏಳಾಕ ಬಿಡೂದಿಲ್ಲ. ಬೀಜ ಅಡ್ಡ ಮಲಗಿಸಿ, 1 ಸೆಂ.ಮೀ. ಆಳ, ಚೀಲಕ್ಕ ಎರಡು. 8-10 ದಿನಕ್ಕ ಶುರು ಆಗತೈತಿ. ಮೂರು ವಾರ ಆದ್ರೂ ಏಳದಿದ್ರ ಆ ಚೀಲಕ್ಕ ಬ್ಯಾರೆ ಬೀಜ ಹಾಕ್ರಿ. ಕರಿ ಚೀಲ ಬರೇ ಬಿಸಲಾಗ ಇಟ್ರ ಬೇರು ಸುಡತಾವ, 50 ಪರ್ಸೆಂಟ್ ಬಿಸಲು ತಡಿಯೂ ನೆರಳಿನ ನೆಟ್ ಬೇಕ. ಸಂತ್ಯಾಗ ತೂಕದ ಮ್ಯಾಲ ಮಾರೂ ತೆಳು ನೆಟ್ ಬಿಸಲಿಗೆ ಲಗೂನ ಪುಡಿ ಆಗತೈತಿ. ನಾಕು ರೂಪಾಯಿ ಜಾಸ್ತಿ ಹೋದ್ರೂ ಯುವಿ (ಬಿಸಲಿಗೆ ತಡಕೊಳ್ಳೂ) ನೆಟ್ ತಗೋರಿ. ಎಲಿ ಬಲತ ಮ್ಯಾಲ ನೆಟ್ ತಗೀಬೇಕು, ಇಲ್ಲಂದ್ರ ಸಸಿ ಸಣಕಲಾಗಿ ಬರೇ ಉದ್ದ ಹೋಗತೈತಿ.

ಗುಂಪಿನ್ಯಾಗ ಒಬ್ರು ಟ್ರೈಕೋಡರ್ಮಾ (ರೋಗ ತಡಿಯೂ ಒಳ್ಳೇ ಶಿಲೀಂಧ್ರದ ಪುಡಿ), ಬಾವಿಸ್ಟಿನ್ (ಶಿಲೀಂಧ್ರ ಕೊಲ್ಲೂ ಔಷಧ) ಎರಡೂ ಕೂಡಿಸಿ ಬೀಜಕ್ಕ ಹಚ್ರಿ ಅಂದಾರ. ಏನ್ರೀ ಇದು! ಬಾವಿಸ್ಟಿನ್ಯಾಗಿನ ಕಾರ್ಬೆಂಡಜಿಮ್ ಟ್ರೈಕೋಡರ್ಮಾನ್ನ ಕೊಲ್ಲತೈತಿ, ಎರಡಕ್ಕೂ ರೊಕ್ಕ ಹಾಕಿ ಒಂದನ್ನ ಸಾಯಿಸಿದಂಗ. ನನ್ನ ಕೇಳಿದ್ರ ಕೆ.ಜಿ. ಬೀಜಕ್ಕ 5 ಗ್ರಾಂ ಟ್ರೈಕೋಡರ್ಮಾ ಸಾಕು. ಪಾಕೀಟಿನ ತಾರೀಖು ನೋಡ್ರಿ, ಬಿಸಲು ಬಡಿಯೂ ಕಪಾಟಿನ್ಯಾಗ ಇಟ್ಟದ್ದು ಒಯ್ಯಬ್ಯಾಡ್ರಿ.

ನೇರಳಿ ಕೇಳಿದವರಿಗೆ: ಅದು ಬೇವಿಗಿಂತ ಸೂಕ್ಷ್ಮ. ಹಣ್ಣು ತಿಂದು ತೊಳದು ಅವತ್ತ ಊರ್ರಿ, ಒಣಗಸಾಕ ಹೋಗಬ್ಯಾಡ್ರಿ. ಖಾನಾಪುರದವರು ಬದುವಿಗೆ ಕೇಳಿದ ಸಿಲ್ವರ್ ಓಕ್ ಮಾತ್ರ ಉಲ್ಟಾ. ಅದು ಓಕ್ ಜಾತಿ ಅಲ್ಲ, ಆಸ್ಟ್ರೇಲಿಯಾದ ಗಿಡ. ಹಗೂರ ರೆಕ್ಕಿ ಬೀಜ, ಒಣಗಿಸಿ ಗಾಳಿ ಆಡದ ಡಬ್ಬಿಯೊಳಗ ಹಾಕಿ ಫ್ರಿಜ್ಜಿನ್ಯಾಗ ಇಟ್ರ ನಡೀತೈತಿ. ಬಿತ್ತೂವಾಗ ಮ್ಯಾಲ ಮಣ್ಣು ಹೇರಬ್ಯಾಡ್ರಿ, ಸಣ್ಣ ಮರಳು ಉದುರಿಸಿ ಹುಲ್ಲು ಮುಚ್ರಿ.